ಕಲ್ಲಿಗೆ ಕಾವಲು, ಓದಿಗೆ ಬೇಲಿ

(ಯಳವತ್ತಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತಿನ ಬರಹ ರೂಪ)



‘ವಿಶ್ವ ಪರಂಪರೆ ಮತ್ತು ಶಿಕ್ಷಣ’ ಅಂತ ವಿಷಯ ಕೊಟ್ಟಿದ್ದೀರಿ. ಕೇಳಾಕ ಭಾಳ ದೊಡ್ಡದು. ಪ್ಯಾರಿಸ್ಸಿನವರು, ದಿಲ್ಲಿಯವರು ಮಾತಾಡೋ ವಿಷಯ ಅನ್ನಿಸುತ್ತದೆ. ಆದರೆ ಅದು ನಮ್ಮ ಕಾಲಬುಡದಾಗ ಐತಿ, ಹೆಂಗ ಅಂತ ನೋಡೋಣ.

ನಮ್ಮ ತಾಲೂಕಿನ ಲಕ್ಷ್ಮೇಶ್ವರದ ಹಳೇ ಹೆಸರು ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳು ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಈ ನಾಲ್ಕು ಊರುಗಳ ನಡುವೆ ಎಂದು ಗೆರೆ ಎಳೆಯಿತು. ಪಂಪ ತನ್ನ ಭಾರತ ಬರೆದದ್ದು ಪುಲಿಗೆರೆಯ ತಿರುಳ್ಗನ್ನಡದಲ್ಲಿ ಎಂದು ತಾನೇ ಹೇಳಿಕೊಂಡ. ಆ ಕನ್ನಡವನ್ನು ಆಡುತ್ತಿದ್ದವರಲ್ಲಿ ಹೊಲ ಉತ್ತವರು, ತೊಗಲು ಹದ ಮಾಡಿದವರು ಇದ್ದೇ ಇದ್ದರು. ಪಾಠದ ಪುಸ್ತಕದೊಳಗೆ ಅವರು ಬರೋದಿಲ್ಲ, ಆ ಮಾತು ಬ್ಯಾರೆ.

ಆ ನಾಲ್ಕರಲ್ಲಿ ಕಿಸುವೊಳಲು ಅಂದರೆ ಪಟ್ಟದಕಲ್ಲು. 1987ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕೆ ಒಂದು ವರ್ಷ ಮೊದಲು ಹಂಪಿ ಸೇರಿತ್ತು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಸೇರಿದವು. ಯುನೆಸ್ಕೊ ಅಂದರೆ ಎರಡನೇ ಮಹಾಯುದ್ಧ ಮುಗಿದ ವರ್ಷವೇ, 1945ರಲ್ಲಿ, ಹುಟ್ಟಿದ ವಿಶ್ವಸಂಸ್ಥೆಯ ಅಂಗ. ಶಿಕ್ಷಣ, ವಿಜ್ಞಾನ, ಸಂಸ್ಕೃತಿ ಈ ಮೂರು ಅದರ ಕೆಲಸ. ಹೆಸರಿನಲ್ಲಿ ಶಿಕ್ಷಣವೇ ಮೊದಲು ಬರುತ್ತದೆ, ಇದನ್ನು ನೆನಪಿಡಿ. ಕಲ್ಲು, ಕಟ್ಟಡ ಕಾಯುವ ಒಪ್ಪಂದ ಆದದ್ದು 1972ರಲ್ಲಿ. ನಮ್ಮ ಸರ್ಕಾರ ಅದಕ್ಕೆ 1977ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅದಕ್ಕೂ ಹನ್ನೆರಡು ವರ್ಷ ಮೊದಲು, 1960ರಲ್ಲಿ, ಅದೇ ಯುನೆಸ್ಕೊ ಇನ್ನೊಂದು ಕಾಗದ ಬರೆದಿತ್ತು. ಶಿಕ್ಷಣದಲ್ಲಿ ಭೇದಭಾವ ಕೂಡದು ಎಂಬ ಒಪ್ಪಂದ. ಬಣ್ಣ, ಲಿಂಗ, ಭಾಷೆ, ಧರ್ಮ ಎಂದು ಪಟ್ಟಿ ಮಾಡುತ್ತ ಕೊನೆಗೆ ‘ಹುಟ್ಟು’ ಎಂಬ ಮಾತನ್ನೂ ಹಾಕಿದರು. ಹುಟ್ಟಿನ ಕಾರಣಕ್ಕೆ ಒಬ್ಬನನ್ನು ಓದಿನಿಂದ ಹೊರಗಿಡಬಾರದು, ಕೀಳು ದರ್ಜೆಯ ಓದಿಗೆ ತಳ್ಳಬಾರದು. ಹುಟ್ಟು ಅಂದರೆ ಏನು ಅಂತ ಕೇರಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೇ ಕಾಗದದ ಬೋರ್ಡು ಪಟ್ಟದಕಲ್ಲಿನಲ್ಲಿ ನಿಂತಿದೆ. ಎರಡನೇದನ್ನು ನಿಮ್ಮಲ್ಲಿ ಎಷ್ಟು ಮಂದಿ ಕೇಳಿದ್ದೀರಿ?

ಕಲ್ಲಿನ ಮಾತನ್ನು ಬೇಗ ಮುಗಿಸುತ್ತೇನೆ. ಆನೆಗೊಂದಿಯ ಹತ್ತಿರ ಸೇತುವೆ ಕಟ್ಟುತ್ತಾರೆಂದು 1999ರಲ್ಲಿ ಹಂಪಿಯನ್ನು ಅಪಾಯದ ಪಟ್ಟಿಗೆ ಹಾಕಿದರು, 2006ರಲ್ಲಿ ತೆಗೆದರು. ಅದೇ ಸೇತುವೆ 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಕುಸಿದು ಕೂಲಿಕಾರರು ಸತ್ತರು. ಅವರಿಗೆ ಯಾವ ಅಪಾಯದ ಪಟ್ಟಿಯೂ ಇರಲಿಲ್ಲ. 2011ರ ಜುಲೈಯಲ್ಲಿ ಹಂಪಿ ಬಜಾರಿನ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು ಸ್ಮಾರಕ ಉಳಿಸುವ ಹೆಸರಿನಲ್ಲಿ ಎಬ್ಬಿಸಿದರು. ಹಾಗಂತ ಕಲ್ಲು ಹಾಳಾಗಲಿ ಅಂತ ನಾನು ಅನ್ನೋದಿಲ್ಲ. ಕಲ್ಲು ಒಡೆದವರು, ಹೊತ್ತವರು ಯಾರ ಅಜ್ಜ ಮುತ್ತಜ್ಜರು? ನಮ್ಮ ಬೆವರು ಅದರೊಳಗ ಐತಿ. ಕಟ್ಟೋ ಮುಂದ ಮೈಲಿಗೆ ಆಗಲಿಲ್ಲ, ಕಟ್ಟಿ ಮುಗಿದ ಮ್ಯಾಲ ಆತು.

ಈಗ ನಿಮ್ಮೊಳಗೇ ಜಗಳ ಎದ್ದಿರುವ ವಿಷಯಕ್ಕೆ ಬರುತ್ತೇನೆ. ಹಲಗಿ ಬಾರಿಸಬೇಕೊ, ಬಿಡಬೇಕೊ?

2003ರಲ್ಲಿ ಯುನೆಸ್ಕೊ ಹಾಡು, ಕುಣಿತ, ಕಸುಬು, ಬಾಯಿಂದ ಬಾಯಿಗೆ ಬಂದ ತಿಳಿವಳಿಕೆ ಇವುಗಳನ್ನು ಕಾಯಲು ಮತ್ತೊಂದು ಒಪ್ಪಂದ ಮಾಡಿತು. 2005ರಲ್ಲಿ ಭಾರತ ಒಪ್ಪಿತು. ಆ ಪಟ್ಟಿಯಲ್ಲಿ ನಮ್ಮ ದೇಶದಿಂದ ಮೊದಮೊದಲು ಸೇರಿದ್ದರಲ್ಲಿ ವೇದ ಪಠಣವೂ ಒಂದು. ಕಿವಿಗೆ ಬಿದ್ದರೆ ಶೂದ್ರನ ಕಿವಿಯಲ್ಲಿ ಸೀಸ ಕಾಸಿ ಹೊಯ್ಯಬೇಕು ಎಂದು ಗೌತಮ ಧರ್ಮಸೂತ್ರ ಯಾವುದರ ಬಗ್ಗೆ ಹೇಳಿತ್ತೊ, ಅದು ಈಗ ಇಡೀ ಮನುಕುಲದ ಆಸ್ತಿ. ಇರಲಿ, ನಾವೂ ಕೇಳೋಣ. 2010ರಲ್ಲಿ ರಾಜಸ್ಥಾನದ ಹಾವಾಡಿಗರಾದ ಕಾಲಬೇಲಿಯಾ ಜನರ ಹಾಡು, ಕುಣಿತವೂ ಅದೇ ಪಟ್ಟಿ ಸೇರಿತು. 1972ರ ವನ್ಯಜೀವಿ ಕಾಯ್ದೆ ಅವರ ಹಾವು ಕಸಿದಿತ್ತು. ಹೊಟ್ಟೆಪಾಡಿಗೆ ಕುಣಿತ ಒಂದು ಉಳಿದಿತ್ತು, ಅದಕ್ಕೆ ಹೆಸರು ಬಂತು. ಅಂದರೆ ಆ ಬಾಗಿಲು ನಮ್ಮಂಥವರಿಗೆ ಪೂರ್ತಿ ಮುಚ್ಚಿಲ್ಲ.

ಹಂಗಾದ್ರ ಹಲಗಿಯನ್ನೂ ಸೇರಿಸ್ರಿ ಅಂತ ಕೇಳಬೇಕೇನು? ಅಷ್ಟು ಸಲೀಸಲ್ಲ. ಗೌಡರ ಮನೆಯ ಹೆಣದ ಮುಂದೆ, ಜಾತ್ರೆಯಲ್ಲಿ, ಡಂಗುರಕ್ಕೆ ಹಲಗಿ ಬಾರಿಸೋದು ನಮ್ಮ ಹಿರಿಯರಿಗೆ ಕಲೆ ಆಗಿರಲಿಲ್ಲ, ಬಿಟ್ಟಿ ಚಾಕರಿ ಆಗಿತ್ತು. ಬರೋದಿಲ್ಲ ಅಂದವನಿಗೆ ಹೊಡೆತ, ಕೇರಿಗೆ ಬಹಿಷ್ಕಾರ. ಅದಕ್ಕೇ 1970, 80ರ ದಶಕದಲ್ಲಿ ಚಳವಳಿಯ ಹುಡುಗರು ಹಲಗಿ ಕೆಳಗಿಡ್ರಿ ಅಂದರು. ಅದೇ ಹುಡುಗರು ಮೆರವಣಿಗೆಯಲ್ಲಿ ಅದೇ ಹಲಗಿ ಎತ್ತಿಕೊಂಡರು. ಎರಡೂ ಸರಿ ಅನ್ನುತ್ತೇನೆ ನಾನು. ಕೈಯಲ್ಲಿರುವ ಬಡಿತ ನಮ್ಮದು. ಕರೆದಾಗ ಬರಬೇಕು, ದೂರ ನಿಲ್ಲಬೇಕು, ಎಸೆದದ್ದು ಆರಿಸಿಕೊಳ್ಳಬೇಕು ಅನ್ನುವ ಕಟ್ಟಳೆ ನಮ್ಮದಲ್ಲ. ಈಗ ಉತ್ಸವದ ಮೆರವಣಿಗೆಗೆ ಕರೆದರೆ ಸಂಭಾವನೆ ಎಷ್ಟು, ಊಟ ಯಾವ ಪಂಕ್ತಿಯಲ್ಲಿ, ವೇದಿಕೆಯ ಮೇಲೆ ಹೆಸರು ಹೇಳುತ್ತಾರೊ ಇಲ್ಲವೊ ಕೇಳಿಯೇ ಹೋಗಿ.

ಒಂದು ಸಂಗತಿ ಬಹಳ ಮಂದಿಗೆ ಗೊತ್ತಿಲ್ಲ. 2003ರ ಒಪ್ಪಂದದ ಎರಡನೇ ಕಲಮಿನಲ್ಲೇ ಒಂದು ಷರತ್ತು ಇದೆ. ಮಾನವ ಹಕ್ಕಿಗೆ ಹೊಂದುವಂಥದ್ದು, ಸಮುದಾಯಗಳ ನಡುವೆ ಪರಸ್ಪರ ಗೌರವ ಇರುವಂಥದ್ದು ಮಾತ್ರ ಲೆಕ್ಕಕ್ಕೆ. ಪಟ್ಟಿಗೆ ಕಳಿಸುವ ಮುಂಚೆ ಆ ಜನರ ಒಪ್ಪಿಗೆಯೂ ಬೇಕು. ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ನಮ್ಮವರು ತಡೆಯಲು ಹೋದಾಗ ‘ಇದು ಪರಂಪರೆ’ ಎಂದೇ ಮೈಮೇಲೆ ಬಂದರು. ದೇವದಾಸಿ ಪದ್ಧತಿಗೂ ಅದೇ ಹೆಸರು ಹೇಳುತ್ತಿದ್ದರು. ಅದನ್ನು ನಿಷೇಧಿಸಲು 1982ರ ಕಾಯ್ದೆ ಬೇಕಾಯಿತು. ಇನ್ನು ಯಾರಾದರೂ ಪರಂಪರೆ ಅಂದರೆ ಆ ಎರಡನೇ ಕಲಮು ತೋರಿಸಿ.

ಜಗತ್ತು ಬರೀ ಚೆಲುವನ್ನೇ ಕಾಯುವುದಿಲ್ಲ. ಆಫ್ರಿಕಾದ ಸೆನೆಗಲ್ಲಿನಲ್ಲಿ ಗೋರೆ ಅನ್ನುವ ದ್ವೀಪ ಇದೆ, ಗುಲಾಮರ ವ್ಯಾಪಾರದ ನೆನಪು ಹೊತ್ತದ್ದು. ಅದನ್ನು 1978ರಲ್ಲೇ, ಪಟ್ಟಿ ಶುರುವಾದ ವರ್ಷವೇ, ಸೇರಿಸಿದರು. ಮಂಡೇಲಾ ಅವರನ್ನು ಕೂಡಿಹಾಕಿದ್ದ ರಾಬೆನ್ ದ್ವೀಪವನ್ನು 1999ರಲ್ಲಿ. ಅಂದರೆ ಮನುಷ್ಯ ಮನುಷ್ಯನಿಗೆ ಮಾಡಿದ ಅನ್ಯಾಯದ ಜಾಗವೂ ಪರಂಪರೆಯೇ. 1927ರಲ್ಲಿ ಬಾಬಾಸಾಹೇಬರು ನೀರು ಮುಟ್ಟಿದ ಮಹಾಡದ ಚವದಾರ ಕೆರೆಯನ್ನು ಹಾಗೆ ಕೇಳುವವರು ಯಾರು? ಅದಕ್ಕೆ ಓದಿದವರು ಬೇಕು. ಅಲ್ಲೇ ಇರೋದು ಕೊಕ್ಕೆ.

ಎಸ್.ಸಿ. ವಿದ್ಯಾರ್ಥಿಗಳು ಹೊರದೇಶದಲ್ಲಿ ಓದಲೆಂದು ಕೇಂದ್ರ ಸರ್ಕಾರ 1950ರ ದಶಕದಿಂದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಕೊಡುತ್ತ ಬಂದಿದೆ. ಅಲೆಮಾರಿಗಳು, ಭೂಮಿ ಇಲ್ಲದ ಕೂಲಿಕಾರರು, ಕುಶಲಕರ್ಮಿಗಳ ಮಕ್ಕಳಿಗೂ ಇದೆ. ಇಡೀ ದೇಶಕ್ಕೆ ಸೇರಿ ವರ್ಷಕ್ಕೆ 125 ಜಾಗ. 2022ರ ನಿಯಮಾವಳಿಯಲ್ಲಿ ಒಂದು ಸಾಲು ಸೇರಿತು. ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಸಂಶೋಧನೆ ಮಾಡುವವರಿಗೆ ಈ ಹಣ ಇಲ್ಲ! ಇಂಥ ಓದಿಗೆ ಬೇಕಾದ ಸಾಮಗ್ರಿ, ವಿಶ್ವವಿದ್ಯಾಲಯ ದೇಶದೊಳಗೇ ಇವೆ ಎಂಬುದು ಸರ್ಕಾರದ ಸಮಜಾಯಿಷಿ. ಮಾತು ಕೇಳಾಕ ಸರಿ ಅನ್ನಿಸ್ತೈತಿ. ಆದರೆ ಉಳ್ಳವರ ಮಗ ತಂದೆಯ ದುಡ್ಡಿನಲ್ಲಿ ಹೋಗಿ ಅದನ್ನೇ ಓದುತ್ತಾನೆ. ಹೊರದೇಶದ ಪಂಡಿತರು ಬಂದು ನಮ್ಮ ಕೇರಿಯ ಮೇಲೆ ಪುಸ್ತಕ ಬರೆಯುತ್ತಾರೆ. ತಡೆ ಇರುವುದು ಸರ್ಕಾರದ ಹಣ ಬಿಟ್ಟು ಬೇರೆ ದಾರಿ ಇಲ್ಲದವನಿಗೆ ಮಾತ್ರ.

1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಒಬ್ಬ ಹುಡುಗ ನ್ಯೂಯಾರ್ಕಿಗೆ ಹೋದ. 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳು ಹೆಂಗ ಹುಟ್ಟಿದವು, ಹೆಂಗ ನಡೀತಾವ ಅಂತ ಪ್ರಬಂಧ ಓದಿದ. ಆಗ ಅವನಿಗೆ 25 ವರ್ಷ. 2022ರ ಸಾಲು ಆಗ ಇದ್ದಿದ್ದರೆ ಅಂಬೇಡ್ಕರರಿಗೆ ಆ ವಿಷಯ ಸಿಗುತ್ತಿರಲಿಲ್ಲ. ಅದೇ ಅಂಬೇಡ್ಕರರು 1920ರ ದಶಕದ ಕೊನೆಗೆ ನಮ್ಮ ಧಾರವಾಡದಲ್ಲಿ ಹುಡುಗರಿಗೆ ಹಾಸ್ಟೆಲು ಆಗುವಂತೆ ಮಾಡಿದರು. ಗದಗ ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಅಲ್ಲಿಯವರೆಗೆ ನಮಗೆ ಧಾರವಾಡವೇ ಜಿಲ್ಲಾಸ್ಥಳ.

ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ಕು ಒಯ್ಯಿರಿ. ಅಜ್ಜಿಯ ಬೀಸುವ ಕಲ್ಲಿನ ಹಾಡು, ಹಲಗಿಯ ಬಡಿತಗಳ ಹೆಸರು, ತೊಗಲು ಹದ ಮಾಡುವ ಕ್ರಮ ಬರೆದುಕೊಳ್ಳಿ. ಹಾಡಿದವರ ಹೆಸರು, ತಾರೀಖು ಹಾಕಿ, ಅವರನ್ನು ಕೇಳದೆ ಯಾರಿಗೂ ಕೊಡಬೇಡಿ. ಲಕ್ಷ್ಮೇಶ್ವರದ ಶಾಸನಗಳಲ್ಲಿ ಭೂಮಿ ಕೊಟ್ಟವರು, ಪಡೆದವರು ಕಾಣುತ್ತಾರೆ. ಉತ್ತವರು ಎಲ್ಲಾದರೂ ಕಾಣುತ್ತಾರೇನು ಅಂತ ನಮ್ಮವರೇ ಓದಿ ನೋಡಬೇಕು. ಹಳಗನ್ನಡ ಲಿಪಿ ಕಲಿಯಬೇಕೆಂದರೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರದ ವಿಭಾಗ ಇದೆ. ಬಿ.ಎ. ಮುಗಿಸುತ್ತಿರುವವರು ಸಾಗರೋತ್ತರ ವೇತನದ ಈ ವರ್ಷದ ನಿಯಮ ತರಿಸಿ, ಆ ಸಾಲು ಹೇಗಿದೆ ನೋಡಿ. ಇದ್ದರೆ ತೆಗೆಯಿರಿ ಎಂದು ದಿಲ್ಲಿಯ ಸಾಮಾಜಿಕ ನ್ಯಾಯ ಮಂತ್ರಾಲಯಕ್ಕೆ ಹಾಸ್ಟೆಲಿನಿಂದ ಎಲ್ಲರೂ ಸಹಿ ಹಾಕಿ ಪತ್ರ ಬರೆಯಿರಿ. ಮೊದಲ ಸಹಿ ನಾನು ಹಾಕುತ್ತೇನೆ.