ಗಾಜಿನ ಮೇಲಿನ ಗುರಿ



ಮೂವತ್ತು ವರ್ಷ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನನಗೆ ಯುದ್ಧವಿಮಾನದ ಪರಿಚಯವಾದದ್ದು ರಣರಂಗದಲ್ಲಲ್ಲ, ನನ್ನ ಮೊಮ್ಮಗನ ಮೇಜಿನ ಬಳಿ. ರಜೆಗೆಂದು ಬಂದಿದ್ದ ಅವನು ಒಂದು ಸಂಜೆ ಕಂಪ್ಯೂಟರಿನ ಮುಂದೆ ಕುಳಿತು ಯುದ್ಧವಿಮಾನ ಹಾರಿಸುವ ಆಟವೊಂದರಲ್ಲಿ ಮುಳುಗಿದ್ದ. ಇಂಥ ಆಟಗಳಿಗೆ ಸಿಮ್ಯುಲೇಟರ್ ಎಂದು ಹೆಸರು. ತೆರೆಯ ಮೇಲೆ ಒಂದು ಹೊಳೆ, ಅದಕ್ಕೊಂದು ಸೇತುವೆ. ಇವೆಲ್ಲದರ ಮೇಲೆ ಎಳೆದಂತೆ ಹಸಿರು ಬಣ್ಣದ ಕೆಲವು ಗೆರೆಗಳು. ಗೆರೆಯ ತುದಿಯ ಚುಕ್ಕೆ ತೆವಳುತ್ತ ಬಂದು ಸೇತುವೆಯ ಮೇಲೆ ಕುಳಿತಿತು. ಹುಡುಗ ಗುಂಡಿ ಒತ್ತಿದ. ಬಾಂಬು ಸೇತುವೆಯನ್ನು ದಾಟಿ ಆಚೆಯ ಹೊಲದಲ್ಲಿ ಸಿಡಿಯಿತು.

“ನೀವೇ ನೋಡಿದಿರಲ್ಲ ತಾತ, ಚುಕ್ಕೆ ಸೇತುವೆಯ ಮೇಲೇ ಇತ್ತು. ಈ ಆಟವೇ ಸರಿಯಿಲ್ಲ” ಎಂದು ಅವನು ಸಿಡುಕಿದ.

ಆ ಚುಕ್ಕೆಯ ಸತ್ಯಾಸತ್ಯವನ್ನು ಕುರಿತು ನನ್ನ ಮನಸ್ಸಿನಲ್ಲಿ ಅಂದು ಎದ್ದ ಕೆಲವು ಯೋಚನೆಗಳನ್ನು ಈ ಹೊತ್ತು ತಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ಇಂದಿನ ಯುದ್ಧವಿಮಾನದಲ್ಲಿ ಚಾಲಕನ ಕಣ್ಣಿನ ನೇರಕ್ಕೆ ಒಂದು ಗಾಜಿನ ಫಲಕವಿರುತ್ತದೆ. ಹೊರಗಿನ ಲೋಕ ಅದರ ಮೂಲಕ ಕಾಣುತ್ತದೆ. ಗಣಕಯಂತ್ರ ಬರೆದ ಬೆಳಕಿನ ಗೆರೆಗಳೂ ಅದರ ಮೇಲೆಯೇ ಕಾಣುತ್ತವೆ. ‘ಈ ಕ್ಷಣದಲ್ಲಿ ಬಾಂಬನ್ನು ಬಿಟ್ಟರೆ ಅದು ಬೀಳುವುದು ಇಲ್ಲಿ’ ಎಂದು ಆ ಚುಕ್ಕೆ ಎಡೆಬಿಡದೆ ಹೇಳುತ್ತಿರುತ್ತದೆ. ಆ ವೃತ್ತಿಯವರು ಇದನ್ನು ಸಿ.ಸಿ.ಐ.ಪಿ. ಎಂದು ಕರೆಯುತ್ತಾರೆ. ಸಿ.ಸಿ.ಆರ್.ಪಿ. ಎಂಬ ಇನ್ನೊಂದು ಕ್ರಮದಲ್ಲಿ ಚಾಲಕನು ಮೊದಲೇ ಗುರಿಯನ್ನು ಗೊತ್ತುಮಾಡಿ ಗುಂಡಿಯನ್ನು ಒತ್ತಿ ಹಿಡಿದಿರುತ್ತಾನೆ. ಯಾವ ಕ್ಷಣದಲ್ಲಿ ಬಿಡಬೇಕೆಂಬುದನ್ನು ಯಂತ್ರವೇ ನಿರ್ಧರಿಸುತ್ತದೆ.

ಆದರೆ ಯಂತ್ರ ಸರ್ವಜ್ಞನಲ್ಲ. ವಿಮಾನದ ವೇಗ, ಎರಗುವ ಕೋನ, ಬಾಂಬಿನ ಮೇಲೆ ಗಾಳಿಯ ತಡೆ, ಗುರಿಯಿಂದ ವಿಮಾನಕ್ಕಿರುವ ಎತ್ತರ, ಇಷ್ಟನ್ನೂ ಅದು ತಿಳಿದಿರಬೇಕು, ಇಲ್ಲವೆ ಊಹಿಸಬೇಕು. ತರಗತಿಯಲ್ಲಿ ಬಿಡಿಸುತ್ತಿದ್ದಂಥ ಒಂದು ಲೆಕ್ಕವನ್ನೇ ನೋಡೋಣ. ವಿಮಾನವೊಂದು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ನೆಲಕ್ಕೆ ಸಮಾನಾಂತರವಾಗಿ ಹೋಗುತ್ತಿದೆ. ಗುರಿಯಿಂದ ತಾನು 500 ಮೀಟರ್ ಎತ್ತರದಲ್ಲಿದ್ದೇನೆಂದು ಯಂತ್ರ ನಂಬಿದೆ. ವಾಸ್ತವವಾಗಿ ಗುರಿಯಿರುವ ನೆಲ ಸ್ವಲ್ಪ ಉಬ್ಬಿಕೊಂಡಿದ್ದು, ಎತ್ತರ 480 ಮೀಟರ್ ಮಾತ್ರ. ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ ಬಾಂಬು ಚುಕ್ಕೆ ತೋರಿಸಿದ ಜಾಗಕ್ಕಿಂತ ಸುಮಾರು 40 ಮೀಟರ್ ಆಚೆ ಬೀಳುತ್ತದೆ. ಎತ್ತರದಲ್ಲಿ 20 ಮೀಟರಿನ ತಪ್ಪು, ನೆಲದ ಮೇಲೆ ಅದರ ಎರಡರಷ್ಟಾಯಿತು! ನಮ್ಮ ಹುಡುಗನ ವಿಷಯದಲ್ಲಿ ಆದದ್ದೂ ಇದೇ. ಗುರಿಯ ನೆಲದೆತ್ತರವನ್ನು ಅವನು ಯಂತ್ರಕ್ಕೆ ತಪ್ಪಾಗಿ ಕೊಟ್ಟಿದ್ದ. ಯಂತ್ರ ಆ ತಪ್ಪನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಅಷ್ಟೇ ಪ್ರಾಮಾಣಿಕವಾಗಿ ಬಾಂಬನ್ನು ಹೊಲಕ್ಕೆ ಕಳುಹಿಸಿತು. ಅವನು ಆಟವನ್ನು ಹಳಿದದ್ದು ಅದು ನಿಜವನ್ನು ಹೇಳಿದ್ದಕ್ಕಾಗಿ.

ನೈಜತೆ ಎಂದರೆ ಬೆಟ್ಟಗುಡ್ಡಗಳ ಬಣ್ಣ, ಸ್ಫೋಟದ ಹೊಗೆ ಎಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಈ ಆಟಗಳಲ್ಲಿ ನುರಿತವರ ಅಭಿಪ್ರಾಯ ಬೇರೆ. ಎಫ್-16 ವಿಮಾನವನ್ನು ಕುರಿತು 1998ರಲ್ಲಿ ಬಂದ ‘ಫಾಲ್ಕನ್ 4.0’ ಎಂಬುದರ ಜೊತೆಗೆ ನೂರಾರು ಪುಟಗಳ ಕೈಪಿಡಿಯೇ ಇತ್ತು. ಗಾಜಿನ ಮೇಲಿನ ಒಂದೊಂದು ಗೆರೆಗೂ ಅದರಲ್ಲಿ ವಿವರಣೆ. 2011ರಲ್ಲಿ ಬಂದ ‘ಡಿಸಿಎಸ್ ಎ-10ಸಿ’ ಎಂಬುದಂತೂ ಅಮೆರಿಕದ ಏರ್ ನ್ಯಾಷನಲ್ ಗಾರ್ಡ್ ಪಡೆಯ ತರಬೇತಿಗಾಗಿ ಸಿದ್ಧವಾದ ಸಿಮ್ಯುಲೇಟರಿನಿಂದ ಹುಟ್ಟಿದ್ದು. ಸುಲಭದ ಆಟದಲ್ಲಿ ಚುಕ್ಕೆ ಇದ್ದಲ್ಲೇ ಬಾಂಬು ಬೀಳುತ್ತದೆ. ಅದು ಆಡುವವನನ್ನು ಸಂತೋಷಪಡಿಸುವ ಸುಳ್ಳು. ಉತ್ತಮವಾದದ್ದು ಯಂತ್ರದ ಅಜ್ಞಾನವನ್ನೂ ಅನುಕರಿಸುತ್ತದೆ. ಎಷ್ಟು ತಪ್ಪಲು ಸಾಧ್ಯವೋ ಅಷ್ಟನ್ನು ಒಪ್ಪಿಕೊಳ್ಳುವುದೇ ಅದರ ನೈಜತೆ.

ತಪ್ಪದ ಚುಕ್ಕೆಯನ್ನು ನಂಬುವುದು ಮಕ್ಕಳು ಮಾತ್ರವೇ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು ನಾರ್ಡನ್ ಎಂಬ ಗುರಿಯಂತ್ರವನ್ನು ಬಳಸಿದರು. ಅದನ್ನು ರೂಪಿಸಿದವನು ಡಚ್ ಮೂಲದ ಎಂಜಿನಿಯರ್ ಕಾರ್ಲ್ ನಾರ್ಡನ್. ಸೈನಿಕನು ಎತ್ತರ, ವೇಗಗಳನ್ನು ಅದಕ್ಕೆ ಉಣಿಸಿ, ದುರ್ಬೀನಿನೊಳಗಿನ ಕೂಡುಗೆರೆಗಳನ್ನು ಗುರಿಯ ಮೇಲೆ ಅಲುಗದಂತೆ ನಿಲ್ಲಿಸಿದನೆಂದರೆ ತಕ್ಕ ಕ್ಷಣದಲ್ಲಿ ಯಂತ್ರವೇ ಬಾಂಬನ್ನು ಬಿಡುತ್ತಿತ್ತು. ಯಂತ್ರದ ಗುಟ್ಟನ್ನು ಕಾಯುವುದಾಗಿ ಸೈನಿಕರು ಪ್ರಮಾಣ ಮಾಡಬೇಕಿತ್ತು. ಆರು ಸಾವಿರ ಮೀಟರ್ ಮೇಲಿಂದ ಉಪ್ಪಿನಕಾಯಿಯ ಪೀಪಾಯಿಯೊಳಕ್ಕೆ ಬಾಂಬು ಹಾಕಬಲ್ಲೆವೆಂಬ ಜಂಬದ ಮಾತು ಆಗ ಪ್ರಚಾರದಲ್ಲಿತ್ತು. ಯುದ್ಧ ಮುಗಿದ ಮೇಲೆ ಅಮೆರಿಕ ಸರ್ಕಾರವೇ ನಡೆಸಿದ ಸಮೀಕ್ಷೆ 1945ರಲ್ಲಿ ಬೇರೆಯೇ ಮಾತು ಹೇಳಿತು. ಯೂರೋಪಿನಲ್ಲಿ ನಿರ್ದಿಷ್ಟ ಗುರಿಗಳ ಮೇಲೆ ಎಸೆದ ಬಾಂಬುಗಳಲ್ಲಿ ಗುರಿಯಿಂದ ಸಾವಿರ ಅಡಿಯೊಳಗೆ ಬಿದ್ದವು ನೂರಕ್ಕೆ ಸುಮಾರು ಇಪ್ಪತ್ತು ಮಾತ್ರ. ಮೋಡ, ಹೊಗೆ, ಕೆಳಗಿನಿಂದ ಬರುವ ಗುಂಡು, ಪದರಪದರವಾಗಿ ದಿಕ್ಕು ಬದಲಿಸುವ ಗಾಳಿ, ಎದೆಯೊಳಗಿನ ಭಯ, ಇವು ಯಾವುವೂ ಆ ಕೂಡುಗೆರೆಗಳಲ್ಲಿ ಕಾಣುವಂಥವಲ್ಲ. ಈ ಯಂತ್ರದ ಮುಂದೆ ಆಟಗಾರನನ್ನು ಕೂಡಿಸುವ ‘ಬಿ-17’ ಎಂಬ ಆಟವೂ 2000ದಲ್ಲಿ ಬಂದಿತು.

1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಥಾಮಸ್ ಫೆರಬಿ ಎಂಬ ಸೈನಿಕನು ಕಣ್ಣಿಟ್ಟು ನೋಡಿದ್ದು ಈ ನಾರ್ಡನ್ ಯಂತ್ರದ ಮೂಲಕವೇ. ಅವನ ಗುರಿಯೂ ಒಂದು ಸೇತುವೆ, ಐಓಯಿ ಎಂಬ ಸೇತುವೆ. ಸುಮಾರು 43 ಸೆಕೆಂಡು ಬಿದ್ದ ಬಾಂಬು ಸೇತುವೆಯಿಂದ ಸುಮಾರು 240 ಮೀಟರ್ ಆಚೆ, ಶಿಮಾ ಎಂಬ ಆಸ್ಪತ್ರೆಯ ನೆತ್ತಿಯ ಮೇಲೆ ಸಿಡಿಯಿತು. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಸುಮಾರು 1,40,000 ಮಂದಿ ಎಂದು ಅಂದಾಜು. ಅಂಥ ಬಾಂಬಿಗೆ 240 ಮೀಟರ್ ಒಂದು ಲೆಕ್ಕವೇ ಅಲ್ಲ. ಗುರಿಯಂತ್ರದ ದೃಷ್ಟಿಯಿಂದ ಅದು ಒಳ್ಳೆಯ ಎಸೆತವೇ ಆಗಿತ್ತು. ಗಾಜಿನ ಮೇಲಿನ ಸರಿತಪ್ಪು ಬೇರೆ, ನೆಲದ ಮೇಲಿನ ಸರಿತಪ್ಪು ಬೇರೆ ಎಂಬುದಕ್ಕೆ ಇನ್ನಾವ ನಿದರ್ಶನ ಬೇಕು?

ನಮ್ಮ ಅಲಂಕಾರಶಾಸ್ತ್ರದಲ್ಲಿ ಶ್ರೀಶಂಕುಕನ ಚಿತ್ರತುರಗ ನ್ಯಾಯ ಪ್ರಸಿದ್ಧವಾದದ್ದು. ಅವನ ಗ್ರಂಥ ನಮಗೆ ಉಳಿದಿಲ್ಲ; ಅಭಿನವಗುಪ್ತನ ವ್ಯಾಖ್ಯಾನದಿಂದ ಅವನ ಮತ ತಿಳಿಯುತ್ತದೆ. ಚಿತ್ರದಲ್ಲಿ ಬರೆದ ಕುದುರೆಯನ್ನು ನೋಡಿ ‘ಇದು ಕುದುರೆ’ ಎನ್ನುತ್ತೇವೆ. ಅದು ನಿಜವೆಂಬ ಜ್ಞಾನವಲ್ಲ, ಸುಳ್ಳೆಂಬ ಜ್ಞಾನವಲ್ಲ, ಸಂಶಯವಲ್ಲ, ಕುದುರೆಯಂತಿದೆ ಎಂಬ ಹೋಲಿಕೆಯೂ ಅಲ್ಲ. ಇವೆಲ್ಲಕ್ಕೂ ಭಿನ್ನವಾದ ಒಂದು ಪ್ರತೀತಿ. ನಾಟಕದ ರಾಮನೂ ಹಾಗೆಯೇ. ಮೊಮ್ಮಗನ ಸೇತುವೆಯೂ ಅಂಥ ಚಿತ್ರತುರಗವೇ. ಅದರಿಂದ ಯಾರಿಗೂ ಕೇಡಿಲ್ಲ. ನನ್ನನ್ನು ಚಿಂತೆಗೀಡುಮಾಡಿದ್ದು ಬೇರೆ. ನಿಜವಾದ ವಿಮಾನದ ಚಾಲಕ ನೋಡುವುದೂ ಅದೇ ಹಸಿರು ಗೆರೆ, ಅದೇ ಚುಕ್ಕೆ. ಆಟ ಅದನ್ನು ಇಷ್ಟು ಚೆನ್ನಾಗಿ ಅನುಕರಿಸಬಲ್ಲದು, ಏಕೆಂದರೆ ಮೂಲವೂ ಒಂದು ಚಿತ್ರವೇ. ಅವನ ಕಣ್ಣಮುಂದೆ ಇರುವುದು ಬರೆದ ಕುದುರೆ. ಕೆಳಗೆ ತುಳಿಯುತ್ತಿರುವುದು ಜೀವಂತ ಕುದುರೆ.

ಲೆಕ್ಕವನ್ನು ವಿವರಿಸಿದ ಮೇಲೆ ಮೊಮ್ಮಗ ಎತ್ತರವನ್ನು ತಿದ್ದಿ ಮತ್ತೆ ಹೊರಟ. ಈ ಬಾರಿ ಸೇತುವೆ ಮುರಿಯಿತು. ನಾನು ಕೇಳಿದೆ: “ಮೊದಲನೆಯದು ಬಿತ್ತಲ್ಲ, ಆ ಹೊಲದಲ್ಲಿ ಯಾರಿದ್ದರಪ್ಪ?”

ಅವನು ಒಂದು ಕ್ಷಣ ಯೋಚಿಸಿ, “ಯಾರೂ ಇಲ್ಲ ತಾತ. ಅಲ್ಲಿ ಜನರನ್ನು ಬರೆದೇ ಇಲ್ಲ” ಎಂದ. ಅನಂತರ ವಿಮಾನವನ್ನು ಹಿಂದಕ್ಕೆ ತಿರುಗಿಸಿ, ತೀರ ತಗ್ಗಿನಲ್ಲಿ, ನಿಧಾನವಾಗಿ ಆ ಹೊಲದ ಮೇಲೆ ಹಾರಿಸಿ ನೋಡಿದ. ನಾನೂ ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಸಿರು ಬಯಲು, ನಡುವೆ ಒಂದು ಕಪ್ಪು ಕಲೆ, ಅಷ್ಟೆ.