ಕಾರಿನ ಎಂಜಿನ್ ಹೀಟ್ ಆದಾಗ ಮೊದಲು ಕೇಳಬೇಕಾದ ಪ್ರಶ್ನೆ

(ಸದಸ್ಯರ ತರಬೇತಿ ಶಿಬಿರದಲ್ಲಿ ಒಕ್ಕೂಟದ ಪಶುವೈದ್ಯಕೀಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣದ ಪಠ್ಯ)



ದನದ ಡಾಕ್ಟರು ಕಾರಿನ ವಿಷಯ ಮಾತನಾಡಲು ಎದ್ದು ನಿಂತಿದ್ದಾರಲ್ಲ ಎಂದು ಹಿಂದಿನ ಸಾಲಿನಲ್ಲಿ ಕೆಲವರು ನಗುತ್ತಿದ್ದೀರಿ. ನಗಿ, ತಪ್ಪೇನಿಲ್ಲ. ಆದರೆ ಬೆಳಿಗ್ಗೆ ನಮ್ಮ ಸಂಘಗಳ ಮುಂದೆ ನಿಲ್ಲುವ ಗಾಡಿಗಳನ್ನು ಒಮ್ಮೆ ನೋಡಿ. ಹಳೆಯ ಮಾರುತಿ 800, ಓಮ್ನಿ ಕೊಂಡವರು ಅದರಲ್ಲೇ ಕ್ಯಾನು ತರುತ್ತಾರೆ, ಅದರಲ್ಲೇ ಹಿಂಡಿ ಬೂಸಾ ಒಯ್ಯುತ್ತಾರೆ, ಅದರಲ್ಲೇ ಬಸುರಿ ಹೆಣ್ಣುಮಗಳನ್ನು ಆಸ್ಪತ್ರೆಗೂ ಕರೆದೊಯ್ಯುತ್ತಾರೆ. 800ರ ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿಯದು 2019ರಲ್ಲಿ. ಹಾಗಾಗಿ ಈಗ ಓಡುತ್ತಿರುವವೆಲ್ಲ ವಯಸ್ಸಾದ ಗಾಡಿಗಳೇ. ಬೇಸಿಗೆ ಬಂತೆಂದರೆ ದಾರಿಯಲ್ಲಿ ಬಾನೆಟ್ ಎತ್ತಿ ನಿಂತವರು ಕಾಣುತ್ತಾರೆ. ಗಾಡಿಯೊಳಗೆ ಹಾಲಿದ್ದರೆ ಅಷ್ಟು ಹೊತ್ತಿಗೆ ಅದೂ ಕೆಟ್ಟಿರುತ್ತದೆ.

ಹಸು ಮೇವು ಬಿಟ್ಟಿದೆ ಎಂದು ನೀವು ಕರೆದಾಗ ನಾವು ಬಂದವರೇ ಸೂಜಿ ಚುಚ್ಚುವುದಿಲ್ಲ. ಯಾವಾಗಿನಿಂದ ಬಿಟ್ಟಿದೆ, ಕರು ಹಾಕಿ ಎಷ್ಟು ದಿನವಾಯಿತು, ಸಗಣಿ ಹೇಗಿದೆ ಎಂದು ಕೇಳುತ್ತೇವೆ. ಅರ್ಧ ರೋಗ ಅಲ್ಲಿಯೇ ಗೊತ್ತಾಗುತ್ತದೆ. ಎಂಜಿನ್ ವಿಷಯವೂ ಹೀಗೆಯೇ. ಹೀಟ್ ಆಗುತ್ತದೆ ಎಂದ ಕೂಡಲೇ ರೇಡಿಯೇಟರ್ ಬಿಚ್ಚುವುದಲ್ಲ. ಯಾವಾಗ ಹೀಟ್ ಆಗುತ್ತದೆ ಎಂದು ಮೊದಲು ಕೇಳಬೇಕು.

ನಮ್ಮ ಸದಸ್ಯರೊಬ್ಬರು ಹೊಸ ರೇಡಿಯೇಟರ್ ಹಾಕಿಸಿದ್ದರು. ಆದರೂ ಗಾಡಿ ಕುದಿಯುವುದು ನಿಂತಿರಲಿಲ್ಲ. "ಯಾವಾಗ ಆಗ್ತದೆ ಯಜಮಾನ್ರೇ?" ಎಂದೆ. "ಸಂತೆ ಬೀದೀಲಿ ಜನದ ಮಧ್ಯೆ ನಿಂತಾಗ ಸಾರ್. ದೊಡ್ಡ ರಸ್ತೆಗೆ ಹೋದ್ರೆ ಮುಳ್ಳು ತಾನೇ ಇಳೀತದೆ" ಎಂದರು. ಅವರ ಮಾತಿನಲ್ಲೇ ಉತ್ತರವಿತ್ತು. ಗಾಡಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ನಿಂತಾಗ ಮಾತ್ರ ಹೀಟ್ ಆದರೆ ಮೊದಲು ಫ್ಯಾನ್ ನೋಡಬೇಕು. ನೋಡಿದರೆ ಫ್ಯಾನಿನ ಫ್ಯೂಸ್ ಸುಟ್ಟುಹೋಗಿತ್ತು. ಕೆಲವೇ ರೂಪಾಯಿಯ ವಸ್ತು.

ಫ್ಯಾನ್ ತಿರುಗದಿದ್ದರೆ ಮೊದಲು ಫ್ಯೂಸ್ ನೋಡಿ. ಅದು ಸರಿಯಿದ್ದರೆ ಫ್ಯಾನ್ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟು ಕೊಟ್ಟು ನೋಡಲು ಮೆಕ್ಯಾನಿಕ್‌ಗೆ ಹೇಳಿ. ಆಗ ತಿರುಗಿದರೆ ಮೋಟಾರು ಸರಿಯಿದೆ, ದೋಷವಿರುವುದು ಸ್ವಿಚ್, ರಿಲೇ ಅಥವಾ ತಂತಿಯಲ್ಲಿ. ತಿರುಗುವ ಫ್ಯಾನೂ ಉಲ್ಟಾ ತಿರುಗುತ್ತಿರಬಹುದು. ರಿಪೇರಿಯಲ್ಲಿ ತಂತಿ ಅದಲುಬದಲಾದರೆ ಹಾಗಾಗುತ್ತದೆ. ರೇಡಿಯೇಟರಿನ ಹಿಂದೆ ಫ್ಯಾನ್ ಇರುವ ಗಾಡಿಯಲ್ಲಿ, ಫ್ಯಾನ್ ತಿರುಗುವಾಗ ರೇಡಿಯೇಟರಿನ ಮುಂದೆ ಒಂದು ಹಾಲಿನ ಚೀಟಿ ಹಿಡಿಯಿರಿ. ಚೀಟಿ ಒಳಕ್ಕೆ ಎಳೆದು ಅಂಟಿಕೊಳ್ಳಬೇಕು. ದೂರ ಹಾರಿದರೆ ಗಾಳಿ ಉಲ್ಟಾ ಹೋಗುತ್ತಿದೆ. ಒಂದು ಎಚ್ಚರಿಕೆ: ಬಿಸಿ ಎಂಜಿನ್ ನಿಲ್ಲಿಸಿದ ಮೇಲೂ ಕೆಲವು ಗಾಡಿಗಳಲ್ಲಿ ಫ್ಯಾನ್ ತಾನಾಗಿ ತಿರುಗತೊಡಗುತ್ತದೆ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟು ಬಗ್ಗಿ ನೋಡಿ.

ಇನ್ನು ಕೆಲವರ ಗಾಡಿ ಊರೊಳಗೆ ಚೆನ್ನಾಗಿರುತ್ತದೆ. ಧರ್ಮಸ್ಥಳದಿಂದ ವಾಪಸು ಬರುವಾಗ ಶಿರಾಡಿ ಘಾಟಿ ಏರುವಷ್ಟರಲ್ಲಿ ಮುಳ್ಳು ಕೆಂಪಿಗೆ ಬರುತ್ತದೆ. ಇಲ್ಲಿ ಫ್ಯಾನನ್ನು ಅನುಮಾನಿಸುವುದು ಆಮೇಲೆ. ಭಾರ ಎಳೆಯುವಾಗ ಎಂಜಿನ್ ಹೆಚ್ಚು ಶಾಖ ಕೊಡುತ್ತದೆ, ಅದನ್ನು ಹೊರಹಾಕಲು ಸಾಕಷ್ಟು ನೀರು ಹರಿಯುತ್ತಿಲ್ಲ, ಅಥವಾ ರೇಡಿಯೇಟರ್ ಕಟ್ಟಿಕೊಂಡಿದೆ ಎಂದು ಅರ್ಥ. ನಮ್ಮ ಕಡೆ ರೇಡಿಯೇಟರ್ ಹೊರಗಿನಿಂದ ಕಟ್ಟುವುದಕ್ಕೆ ದೊಡ್ಡ ಕಾರಣ ಹೊಟ್ಟು ಮತ್ತು ಹುಲ್ಲಿನ ಧೂಳು. ಕಣದ ಪಕ್ಕ ಗಾಡಿ ನಿಲ್ಲಿಸುತ್ತೀರಿ. ರಸ್ತೆಯ ಮೇಲೆ ಹುರುಳಿ, ರಾಗಿ ತೆನೆ ಹರಡಿದ್ದರ ಮೇಲೆ ಓಡಿಸುತ್ತೀರಿ. (ರಸ್ತೆಯಲ್ಲಿ ಒಕ್ಕಣೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಆ ಹುಲ್ಲು ಸೈಲೆನ್ಸರಿಗೆ ಸುತ್ತಿಕೊಂಡು ಬೆಂಕಿ ಹಿಡಿದರೆ ಗಾಡಿಯೇ ಹೋಗುತ್ತದೆ.) ಎಂಜಿನ್ ತಣ್ಣಗಿದ್ದಾಗ ರೇಡಿಯೇಟರಿನ ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಜೋರಾಗಿ ಹೊಡೆದರೆ ತೆಳು ತಗಡುಗಳು ಮಡಚಿಕೊಳ್ಳುತ್ತವೆ.

ಒಳಗಿನಿಂದ ಕಟ್ಟುವುದು ನಮ್ಮ ಬಯಲುಸೀಮೆಯ ಕೊಳವೆಬಾವಿ ನೀರಿನಿಂದ. ಸ್ನಾನದ ಹಂಡೆಯ ತಳದಲ್ಲಿ ಸುಣ್ಣದಂತೆ ಪದರ ಕಟ್ಟುವುದನ್ನು ನೋಡಿದ್ದೀರಿ. ಅದೇ ಪದರ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟುತ್ತದೆ. ನೀರಿನ ಪಂಪನ್ನು ತಿರುಗಿಸುವ ಬೆಲ್ಟು ಸಡಿಲವಾಗಿದ್ದರೂ ಇದೇ ಲಕ್ಷಣ. ಬೆಲ್ಟು ಪೂರ್ತಿ ಹರಿದರೆ ಡೈನಮೋ ಸಹ ನಿಲ್ಲುವುದರಿಂದ ಎದುರಿನ ಬ್ಯಾಟರಿ ದೀಪ ಹತ್ತಿಕೊಳ್ಳುತ್ತದೆ. ಆ ದೀಪ ಮತ್ತು ಏರುವ ಮುಳ್ಳು ಒಟ್ಟಿಗೆ ಕಂಡರೆ ಗಾಡಿ ಅಲ್ಲೇ ನಿಲ್ಲಿಸಿ ಬೆಲ್ಟು ನೋಡಿ.

ಮೂರನೆಯ ಬಗೆ: ಬೆಳಿಗ್ಗೆ ತಣ್ಣಗಿನ ಗಾಡಿ ಚಾಲೂ ಮಾಡಿ ಕೆಲವೇ ನಿಮಿಷದಲ್ಲಿ ಕಾದುಬಿಡುತ್ತದೆ. ಒಂದೋ ನೀರಿಲ್ಲ, ಅಥವಾ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿದೆ. ಥರ್ಮೋಸ್ಟಾಟ್ ಎಂದರೆ ಒಂದು ಸಣ್ಣ ಬಾಗಿಲು. ಹೆಚ್ಚಿನ ಗಾಡಿಗಳಲ್ಲಿ ನೀರು ಸುಮಾರು 82 ಡಿಗ್ರಿ ಸೆಂಟಿಗ್ರೇಡಿಗೆ ಬಂದಾಗ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಮುಳ್ಳು ಮೇಲೇರಿದರೂ ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಪೈಪುಗಳಲ್ಲಿ ಒಂದು ಸುಡುವಂತಿದ್ದು ಇನ್ನೊಂದು ತಣ್ಣಗಿದ್ದರೆ ನೀರು ಸುತ್ತುತ್ತಿಲ್ಲ. ಎಂಜಿನ್ ನಿಲ್ಲಿಸಿ, ಕೈಯನ್ನು ಹತ್ತಿರ ತಂದು ಬಿಸಿ ನೋಡಿ, ಹಿಡಿಯಬೇಡಿ. ಕೆಲವು ಗ್ಯಾರೇಜುಗಳಲ್ಲಿ ಥರ್ಮೋಸ್ಟಾಟನ್ನೇ ಕಿತ್ತೆಸೆದು "ಇನ್ನು ಹೀಟ್ ಆಗಲ್ಲ ಬಿಡಿ" ಎನ್ನುತ್ತಾರೆ. ಇದು ನನಗೆ ಒಪ್ಪಿಗೆಯಿಲ್ಲ. ಎಂಜಿನ್ ಸರಿಯಾದ ಶಾಖಕ್ಕೆ ಬಾರದೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಗೆ ಸವೆತವೂ ಹೆಚ್ಚು. ಹೊಸದನ್ನೇ ಹಾಕಿಸಿ.

ಹೊರಗೆ ಎಲ್ಲಿಯೂ ಸೋರದೆ ನೀರು ದಿನದಿನಕ್ಕೆ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಗ್ಗೆ ಯೋಚಿಸಬೇಕು. ಸೈಲೆನ್ಸರಿನಿಂದ ಬಿಡದೆ ಬಿಳಿ ಹೊಗೆ, ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು, ಆಯಿಲ್ ನೋಡುವ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯಂಥ ಬಣ್ಣ ಇವು ಅದರ ಲಕ್ಷಣಗಳು. ಆಯಿಲ್ ಮುಚ್ಚಳದ ಒಳಗೆ ಮಾತ್ರ ಸ್ವಲ್ಪ ಬಿಳಿ ನೊರೆ ಕಂಡರೆ ಗಾಬರಿ ಬೇಡ. ಚಳಿಗಾಲದಲ್ಲಿ ಬರೀ ಮನೆಯಿಂದ ಡೇರಿಗೆ ಓಡುವ ಗಾಡಿಯಲ್ಲಿ ಆವಿ ನೀರಾಗಿ ಹಾಗೆ ಕೂರುವುದುಂಟು. ಒಂದೇ ಲಕ್ಷಣ ಹಿಡಿದು ರೋಗದ ಹೆಸರು ಹೇಳಬಾರದು.

ಈಗ ದಾರಿಯಲ್ಲಿ ಏನು ಮಾಡಬೇಕು? ಮುಳ್ಳು ಕೆಂಪು ಮುಟ್ಟಿತೆಂದರೆ ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಿ. "ಇನ್ನೊಂದೇ ಕಿಲೋಮೀಟರ್, ಸಂಘ ಬಂದೇಬಿಡ್ತು" ಎಂದು ಓಡಿಸಿದ ಆ ಒಂದು ಕಿಲೋಮೀಟರಿನಲ್ಲೇ ಅಲ್ಯೂಮಿನಿಯಂ ಹೆಡ್ ಸೊಟ್ಟಾಗುವುದು. ಏರಿದ್ದ ಮುಳ್ಳು ಹಠಾತ್ತನೆ ಕೆಳಗಿಳಿದರೂ ಸಮಾಧಾನಪಡಬೇಡಿ. ನೀರು ಪೂರ್ತಿ ಇಳಿದುಹೋದರೆ ಶಾಖ ಅಳೆಯುವ ಭಾಗ ನೀರಿಗೆ ತಾಗದೆ ಸುಳ್ಳು ಹೇಳುತ್ತದೆ. ಹಾಲಿದ್ದರೆ ಬೇರೆ ಗಾಡಿಗೆ ಹಾಕಿ ಕಳಿಸಿ.

ರೇಡಿಯೇಟರ್ ಮುಚ್ಚಳವನ್ನು ಬಿಸಿಯಲ್ಲಿ ತೆಗೆಯಬಾರದು. ಈ ಮಾತನ್ನು ನಾನು ಎರಡು ಸಲ ಹೇಳುತ್ತೇನೆ: ಬಿಸಿಯಲ್ಲಿ ತೆಗೆಯಬಾರದು. ಮುಚ್ಚಳ ಒಳಗಿನ ಒತ್ತಡವನ್ನು ತಡೆದಿಟ್ಟಿರುತ್ತದೆ. 0.9 ಎಂದು ಬರೆದ ಮುಚ್ಚಳವಿದ್ದರೆ ಬರಿಯ ನೀರು ಸಹ 100ರ ಬದಲು ಸುಮಾರು 118 ಡಿಗ್ರಿಯವರೆಗೆ ಕುದಿಯದೆ ಇರುತ್ತದೆ. ನೀವು ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿದು ಅಷ್ಟೂ ನೀರು ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಒದ್ದೆ ಗೋಣಿಚೀಲ ಹಾಕಿ ತೆಗೆಯುತ್ತೇನೆ ಎನ್ನುವ ಧೈರ್ಯ ಬೇಡ. ಓಮ್ನಿಯಲ್ಲಂತೂ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಆವಿ ಬರುತ್ತಿದ್ದರೆ ಸೀಟು ಎತ್ತುವ ಮೊದಲು ಮಕ್ಕಳನ್ನು ಕೆಳಗಿಳಿಸಿ. ಕಡಿಮೆಯೆಂದರೆ ಮುಕ್ಕಾಲು ಗಂಟೆ ಕಾಯಿರಿ. ಮೇಲಿನ ರಬ್ಬರ್ ಪೈಪು ಬಿಸಿ ಆರಿ, ಒತ್ತಿದರೆ ಮೆತ್ತಗಾದ ಮೇಲೆ, ಬಟ್ಟೆ ಹಾಕಿ ಮುಚ್ಚಳವನ್ನು ಮೊದಲ ತಡೆಯವರೆಗೆ ಮಾತ್ರ ತಿರುಗಿಸಿ, ಒತ್ತಡ ಹೋದ ಮೇಲೆ ತೆಗೆಯಿರಿ. ಕಾದ ಎಂಜಿನ್ನಿಗೆ ಕೊಡದಿಂದ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ತಣಿದ ಮೇಲೆ ಚಾಲೂ ಮಾಡಿ, ಸ್ವಲ್ಪಸ್ವಲ್ಪವೇ ಹಾಕಿ.

ದಿನನಿತ್ಯಕ್ಕೆ ಕೊಳವೆಬಾವಿ ನೀರು ಬಿಟ್ಟು ಕೂಲಂಟ್ ಹಾಕಿ ಎಂದು ಹೇಳುತ್ತೇನೆ. ತುಕ್ಕು ಹಿಡಿಯುವುದಿಲ್ಲ, ಪದರ ಕಟ್ಟುವುದಿಲ್ಲ. ಆದರೆ ಇಲ್ಲಿಂದ ಮುಂದೆ ನನ್ನ ಇಲಾಖೆಯ ಮಾತು. ಹೆಚ್ಚಿನ ಕೂಲಂಟ್‌ಗಳಲ್ಲಿರುವುದು ಎಥಿಲೀನ್ ಗ್ಲೈಕಾಲ್. ರುಚಿ ಸಿಹಿ, ಆದರೆ ವಿಷ. ಹಾಲು ಕುಡಿಯುವ ಕರುವಿಗೆ ದೇಹತೂಕದ ಕಿಲೋಗೆ 2 ಮಿ.ಲೀ. ಆಸುಪಾಸಿನಲ್ಲೇ ಪ್ರಾಣಾಪಾಯ. 30 ಕಿಲೋ ಕರುವಿಗೆ 60 ಮಿ.ಲೀ. ಆಯಿತು, ಅರ್ಧ ಟೀ ಲೋಟ. ದೊಡ್ಡ ಹಸು ಇನ್ನೂ ಹೆಚ್ಚು ತಡೆಯುತ್ತದೆ. ಬೆಕ್ಕಿಗೆ ಒಂದು ಚಮಚ ಸಾಕು. ಹಳೆಯ ಕೂಲಂಟನ್ನು ಬಕೆಟ್ಟಿಗೆ ಬಸಿದು ಕೊಟ್ಟಿಗೆಯ ಮೂಲೆಯಲ್ಲಿಡಬೇಡಿ. ಕಲಗಚ್ಚಿನ ಬಾನಿಯನ್ನಂತೂ ಅದಕ್ಕೆ ಬಳಸಲೇಬೇಡಿ. ಚರಂಡಿಗೂ ಚೆಲ್ಲಬೇಡಿ, ಮುಚ್ಚಳವಿರುವ ಡಬ್ಬಿಗೆ ತುಂಬಿ ಗ್ಯಾರೇಜಿಗೆ ಹಿಂದಿರುಗಿಸಿ. ನೆಲಕ್ಕೆ ಚೆಲ್ಲಿದ್ದರೆ ಮರಳು ಹಾಕಿ ಎತ್ತಿ, ಆಮೇಲೆ ತೊಳೆಯಿರಿ.

ಕುಡಿದ ಕರು ಮೊದಲು ಅಮಲೇರಿದಂತೆ ತೂರಾಡುತ್ತದೆ, ಉಸಿರು ಜೋರಾಗುತ್ತದೆ, ಆಮೇಲೆ ಮೂತ್ರಪಿಂಡ ಕೆಡುತ್ತದೆ. ಮೂತ್ರಪಿಂಡ ಕೆಡುವ ಮೊದಲು ಚಿಕಿತ್ಸೆ ಸಿಕ್ಕರೆ ಮಾತ್ರ ಉಳಿಯುವ ಆಸೆ. ಇಂಥ ಕರು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಸಂಘದಿಂದ ಕೂಡಲೇ ಕರೆ ಮಾಡಿಸಿ. ಗಾಡಿಯ ಕೂಲಂಟ್ ಬಸಿದಿತ್ತು ಎಂಬುದನ್ನು ಡಾಕ್ಟರಿಗೆ ಮೊದಲ ಮಾತಿನಲ್ಲೇ ಹೇಳಿ. ನೀವು ಹೇಳದಿದ್ದರೆ ನಮಗೆ ಅದು ಹೊಳೆಯುವುದು ತಡವಾಗುತ್ತದೆ.