ಮೂಲಚಿತ್ರಗಳ ಸಂರಕ್ಷಣೆ



ಮನೆಯ ಹೊರಗೆ ಮರಾಠಿಯನ್ನೂ ಒಳಗೆ ಕನ್ನಡವನ್ನೂ ಆಡುತ್ತ ಸಾಂಗಲಿ-ಮಿರಜಗಳಲ್ಲಿ ಬಾಳಿದ ನಮ್ಮ ಹಿರಿಯರ ಚರಿತ್ರೆಯು ಅಚ್ಚಾದ ಗ್ರಂಥಗಳಲ್ಲಿ ದೊರೆಯುವುದು ವಿರಳ. ಅದು ಉಳಿದಿರುವುದು ಮದುವೆ ಮುಂಜಿಗಳ, ಶಾಲೆಗಳ ಗುಂಪುಚಿತ್ರಗಳಲ್ಲಿ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯು ಉಕ್ಕಿ ಸಾಂಗಲಿಯ ಮನೆಗಳನ್ನು ಹೊಕ್ಕಾಗ ಅಂಥ ಚಿತ್ರಗಳಿಗೆ ಒದಗುವ ಗತಿ ಎಂಥದೆಂಬುದನ್ನು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ನೀರು ತಗುಲಿದೊಡನೆ ಚಿತ್ರದ ಮೇಲಣ ಜೆಲೆಟಿನ್ ಲೇಪವು ಉಬ್ಬಿ, ಒಂದು ಚಿತ್ರ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಬಿಡಿಸಹೋದರೆ ಮುಖವೇ ಕಿತ್ತುಬರುತ್ತದೆ. ಆದಕಾರಣ ಅವುಗಳನ್ನು ಸ್ಕ್ಯಾನ್ ಮಾಡಿ ಗಣಕದಲ್ಲಿ ಇರಿಸುವುದು ಯುಕ್ತವೇ ಸರಿ. ಆದರೆ ನೆರೆಯಿಂದ ಪಾರಾದ ಚಿತ್ರವನ್ನು ನಮ್ಮ ಬೆರಳೇ ಅಳಿಸಿಬಿಡುವ ಅಪಾಯವೊಂದಿದೆ. ಇಂದು ನಾವು ಅದನ್ನು ಕುರಿತೇ ಮಾತನಾಡುತ್ತೇವೆ.

ಓಲೆಗರಿಯ ಕಾಲದಲ್ಲಿ ಲಿಪಿಕಾರನು ಹೊಸ ಪ್ರತಿಯನ್ನು ಹೊಸ ಗರಿಯ ಮೇಲೆ ಬರೆಯುತ್ತಿದ್ದನು. ಅವನು ತಪ್ಪಿದರೂ ಹಳೆಯ ಪ್ರತಿ ಉಳಿದಿದ್ದರೆ ತಿದ್ದಿಕೊಳ್ಳಬಹುದಾಗಿತ್ತು. ರಂ. ಶ್ರೀ. ಮುಗಳಿಯವರಂಥ ವಿದ್ವಾಂಸರು ಅಧ್ಯಾಪಕರಾಗಿದ್ದ ವಿಲಿಂಗ್ಡನ್ ಕಾಲೇಜಿನ ಈ ಊರಿನಲ್ಲಿ ಪಾಠಾಂತರದ ಮಹತ್ತ್ವವನ್ನು ನಾವು ಹೆಚ್ಚು ಹೇಳಬೇಕಿಲ್ಲ. ಗಣಕದ ರೀತಿಯೇ ಬೇರೆ. ಚಿತ್ರವನ್ನು ತೆರೆದು, ಅಂಚು ಕತ್ತರಿಸಿ, 'ಸೇವ್' ಎಂದು ಒತ್ತಿದರೆ ಹೊಸದು ಹಳೆಯದರ ಸ್ಥಾನದಲ್ಲಿಯೇ ಕುಳಿತುಬಿಡುತ್ತದೆ.

ದೊಡ್ಡವರಿಗೂ ಈ ಹಾನಿ ತಪ್ಪಿದ್ದಲ್ಲ. 1969ರ ಜುಲೈಯಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಟೇಪುಗಳನ್ನು ಅಮೆರಿಕದ ನಾಸಾ ಸಂಸ್ಥೆಯು ಬಹಳ ಹುಡುಕಿ, ಅವು ಅಳಿಸಲ್ಪಟ್ಟು ಮರುಬಳಕೆಯಾಗಿರಬೇಕೆಂಬ ನಿರ್ಣಯಕ್ಕೆ 2009ರಲ್ಲಿ ಬಂದಿತು. ಉಳಿದದ್ದು ದೂರದರ್ಶನ ಪ್ರಸಾರಕ್ಕಾಗಿ ಮಾರ್ಪಡಿಸಿದ, ಕಡಿಮೆ ಸ್ಪಷ್ಟತೆಯ ಪ್ರತಿಗಳು ಮಾತ್ರ. ಚಂದ್ರನವರೆಗೆ ಹೋಗಿಬಂದವರ ಕಪಾಟಿನ ಕಥೆ ಹೀಗಾದರೆ ನಮ್ಮದೇನು!

ಲೆಕ್ಕವನ್ನು ನೋಡೋಣ. ಅಡ್ಡಕ್ಕೆ 4000, ಉದ್ದಕ್ಕೆ 3000 ಬಿಂದುಗಳುಳ್ಳ ಚಿತ್ರದಲ್ಲಿ ಒಟ್ಟು 1 ಕೋಟಿ 20 ಲಕ್ಷ ಬಿಂದುಗಳಿರುತ್ತವೆ. ಬಂಧುಗಳಿಗೆ ಕಳಿಸಲೆಂದು ಅದನ್ನು 1000ಕ್ಕೆ 750 ಆಗಿ ಕುಗ್ಗಿಸಿದರೆ ಉಳಿಯುವುದು ಏಳೂವರೆ ಲಕ್ಷ, ಎಂದರೆ ಹದಿನಾರರಲ್ಲಿ ಒಂದು ಪಾಲು. ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಮಾಡಿದರೆ ಮೂಲವು 13 ಅಂಗುಲ ಅಗಲಕ್ಕೆ ಬರುವುದು. ಕುಗ್ಗಿಸಿದ್ದು ಮೂರೂ ಕಾಲು ಅಂಗುಲವನ್ನು ಸ್ವಲ್ಪವಷ್ಟೇ ಮೀರುವುದು. ಹೋದ ಬಿಂದುಗಳನ್ನು ಮರಳಿ ಹಿಗ್ಗಿಸಿ ಪಡೆಯಲಾಗದು. ಇದಲ್ಲದೆ ಜೆಪೆಗ್ ಎಂಬ ರೂಪದ ಚಿತ್ರವನ್ನು ತಿದ್ದಿ ಉಳಿಸಿದಾಗಲೆಲ್ಲ ಅದು ಮತ್ತೊಮ್ಮೆ ಸಂಕುಚಿತವಾಗಿ ಸಾಮಾನ್ಯವಾಗಿ ಕೊಂಚ ಸವೆಯುತ್ತದೆ. ಸುಮ್ಮನೆ ತೆರೆದು ನೋಡುವುದರಿಂದಾಗಲಿ ನಕಲು ತೆಗೆಯುವುದರಿಂದಾಗಲಿ ಸವೆಯದು. ಈ ಭಯ ಕೆಲವರಲ್ಲಿ ವೃಥಾ ಇದೆ.

ಆದುದರಿಂದ ಮೊದಲ ದಿನವೇ 'ಮೂಲ' ಎಂಬ ಒಂದು ಫೋಲ್ಡರನ್ನೂ 'ಕೆಲಸ' ಎಂಬ ಇನ್ನೊಂದನ್ನೂ ಮಾಡಿಕೊಳ್ಳಬೇಕು. ತಿದ್ದುವ ಮುನ್ನವೇ ನಕಲನ್ನು ಎರಡನೆಯದಕ್ಕೆ ಒಯ್ಯಬೇಕು. ತಿದ್ದಿಯಾದ ಮೇಲೆ 'ಸೇವ್ ಆ್ಯಸ್' ಮಾಡಿದರಾಯಿತೆಂಬ ನೆಚ್ಚಿಕೆ ನಮಗೆ ಸಾಲದು, ಅವಸರದಲ್ಲಿ ಕೈ ಅಭ್ಯಾಸದ ಕಡೆಗೇ ಹೋಗುತ್ತದೆ. ಮೂಲದ ಕಡತಗಳಿಗೆ ವಿಂಡೋಸಿನ 'ಪ್ರಾಪರ್ಟೀಸ್'ನಲ್ಲಿ 'ರೀಡ್ ಓನ್ಲಿ' ಗುರುತು ಹಾಕಬಹುದು. ಅದು ಮೇಲೆ ಬರೆಯುವುದನ್ನು ತಡೆಯುತ್ತದೆ, ಆದರೆ ಅಳಿಸಿಹಾಕುವುದನ್ನು ತಡೆಯುವುದೆಂದು ನಂಬಬಾರದು. ತಿದ್ದಿದ ಪ್ರತಿಗೆ ಮೂಲದ ಸಂಖ್ಯೆಯೊಡನೆ 'ತಿದ್ದಿದ್ದು' ಎಂಬ ಪದವನ್ನು ಸೇರಿಸಿದರೆ ಗೊಂದಲವಿಲ್ಲ.

ಅಂತರ್ಜಾಲದಲ್ಲಿ ತಾನಾಗಿಯೇ ಹೊಂದಿಕೊಳ್ಳುವ ಸಂಗ್ರಹವಿದೆಯೆಂದು ನಿಶ್ಚಿಂತರಾಗುವವರೂ ಉಂಟು. ಇಲ್ಲಿ ಕೆಟ್ಟದ್ದು ಕ್ಷಣದಲ್ಲಿ ಅಲ್ಲಿಯೂ ಕೆಡುತ್ತದೆ! ಹಿಂದಿನ ಪ್ರತಿಗಳನ್ನು ಕೆಲವು ಕಾಲ ಇಟ್ಟುಕೊಳ್ಳುವ ಏರ್ಪಾಡು ಇದ್ದರೆ ಮಾತ್ರ ಪಾರು. ಗಣಕಕ್ಕೆ ಜೋಡಿಸದೆ ತೆಗೆದಿರಿಸಿದ ಡಿಸ್ಕೊಂದು ಬೇಕು. ಮತ್ತೊಂದು ಅಥಣಿಯಲ್ಲೋ ವಿಜಯಪುರದಲ್ಲೋ ಇರುವ ಬೀಗರ ಮನೆಯಲ್ಲಿರಲಿ. ಎರಡೂ ನದೀತೀರದ ಒಂದೇ ಕಪಾಟಿನಲ್ಲಿದ್ದರೆ ಕೃಷ್ಣೆಗೆ ಅವು ಒಂದೇ.

ಇನ್ನೊಂದು ಮಾತು. ಚಿತ್ರವನ್ನು ಅಂದಗೊಳಿಸುವ ಉತ್ಸಾಹದಲ್ಲಿ ಕೆಳಗಿನ ಸ್ಟುಡಿಯೋ ಮುದ್ರೆಯನ್ನೂ, ಅಂಚಿನಲ್ಲಿ ಅರ್ಧ ಕಾಣುವ ಆಳನ್ನೂ ಕತ್ತರಿಸುವುದುಂಟು. ಆತನ ಚಿತ್ರ ಬೇರೆಲ್ಲಿಯೂ ಇರಲಾರದು. ಕತ್ತರಿಸುವ ಕೆಲಸ ನಕಲಿನ ಮೇಲೆಯೇ ನಡೆಯಲಿ. ಹಿಂಬದಿಯಲ್ಲಿ ಮೋಡಿ ಲಿಪಿಯಲ್ಲೋ ಕನ್ನಡದಲ್ಲೋ ಹೆಸರುಗಳಿದ್ದರೆ ಆ ಬದಿಯನ್ನೂ ಸ್ಕ್ಯಾನ್ ಮಾಡಿ, ಅದೇ ಸಂಖ್ಯೆಯ ಮುಂದೆ 'ಹಿಂಬದಿ' ಎಂದು ಬರೆದು, ಮೂಲದ ಫೋಲ್ಡರಿನಲ್ಲಿಯೇ ಇರಿಸತಕ್ಕದ್ದು.